ಇದು ನನ್ನ ಸ್ವಂತ ಅಭಿಪ್ರಾಯ

ಮೇಷ್ಟ್ರಾದವನು ತರಗತಿಯಲ್ಲಿ ತನ್ನ ರಾಜಕೀಯ ಅಭಿಪ್ರಾಯ ಹೇಳಬಹುದೇ ಎಂದು ಈಗಲೂ ಯಾರಾದರೂ ನನ್ನನ್ನು ಕೇಳುವುದುಂಟು. ನಿವೃತ್ತನಾಗಿ ಇಷ್ಟು ವರ್ಷವಾಗಿದೆ, ಮುದುಕನ ಬಾಯಿಂದ ಏನಾದರೂ ಹಿತವಚನ ಉದುರೀತು ಎಂದು ಅವರ ಆಸೆ. ನನಗೆ ರೇಗುತ್ತದೆ. ಹೇಳಬಹುದು ಎಂದರೂ ಅರ್ಧ ಸುಳ್ಳು, ಹೇಳಬಾರದು ಎಂದರೂ ಅರ್ಧ ಸುಳ್ಳು. ನನಗೆ ಚೆನ್ನಾಗಿ ಗೊತ್ತಿರುವುದು ಒಂದೇ ಸಂಗತಿ. ಅದನ್ನು ನಾನು ಕಲಿಯುವುದಕ್ಕೆ ಒಬ್ಬ ಹುಡುಗಿ ಓದು ಬಿಡಬೇಕಾಯಿತು.

ಆಗ ನನಗೆ ಇಪ್ಪತ್ತಮೂರು. ನಾನು ಹುಟ್ಟಿದೂರು ಆವತಿಯ ಕಡೆ. ಟ್ರೈನಿಂಗ್ ಮುಗಿಸಿ, ದೊಡ್ಡಬೆಳವಂಗಲದಿಂದ ಮೂರು ಮೈಲಿ ಒಳಗಿದ್ದ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ಚರಿತ್ರೆ ಹೇಳುವ ಮೇಷ್ಟ್ರಾಗಿ ಹೋಗಿದ್ದೆ. ಊರಿನ ಪಟೇಲರೇ ತಮ್ಮ ಮನೆಯ ಜಗಲಿಗೆ ಅಂಟಿಕೊಂಡಿದ್ದ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಬೆಳಗಿನ ಹಾಲು, ಹಬ್ಬದ ದಿನ ಹೋಳಿಗೆ, ಎಲ್ಲವೂ ಅವರ ಮನೆಯಿಂದಲೇ. ಪಟೇಲಿಕೆ ಅವರ ವಂಶದಲ್ಲಿ ಅಪ್ಪನಿಂದ ಮಗನಿಗೆ ಬಂದದ್ದು. ಅವರಪ್ಪ ಪಟೇಲ, ಅಜ್ಜ ಪಟೇಲ. ಮುಂದೆ ಹಿರಿಯ ಮಗ ಪಟೇಲನಾಗುವುದೂ ಖಚಿತವೇ ಆಗಿತ್ತು.

ಅವರ ಮಗಳು ನನ್ನ ಕ್ಲಾಸಿನಲ್ಲಿದ್ದಳು. ಹದಿನಾಲ್ಕು ವರ್ಷ. ಮೂವತ್ತು ಹುಡುಗರ ನಡುವೆ ಒಬ್ಬಳೇ ಹುಡುಗಿ, ಕಿಟಕಿಯ ಪಕ್ಕ ಬೇರೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಲೋಯರ್ ಸೆಕೆಂಡರಿ ಪರೀಕ್ಷೆ ಮುಗಿಸಿ ಬೆಂಗಳೂರಿನಲ್ಲಿ ಟ್ರೈನಿಂಗಿಗೆ ಸೇರಬೇಕು, ಮೇಡಮ್ಮು ಆಗಬೇಕು ಎನ್ನುವುದು ಅವಳ ಹಟ. ಮನೆಯಲ್ಲಿ ಅಜ್ಜಿ ಬೆಳಗಾದರೆ ಲಗ್ನದ ಮಾತು ತೆಗೆಯುತ್ತಿತ್ತು. "ಪರೀಕ್ಷೆ ಆಗ್ಲಿ ಇರವ್ವ" ಎಂದು ಪಟೇಲರು ಅದನ್ನು ತಡೆದು ನಿಲ್ಲಿಸಿದ್ದರು. ಪರೀಕ್ಷೆಗೆ ಆರೇಳು ತಿಂಗಳಿತ್ತು. ಅಷ್ಟು ದಿನ ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದರೆ ಸಾಕಿತ್ತು.

ಅದು ನಲವತ್ತೇಳನೆಯ ಇಸವಿ. ದೇಶಕ್ಕೆ ಸ್ವಾತಂತ್ರ್ಯ ಬಂದು ತಿಂಗಳಾಗಿತ್ತು. ನಮ್ಮ ಮೈಸೂರು ಸಂಸ್ಥಾನದಲ್ಲಿ ಮಾತ್ರ ಪ್ರಜೆಗಳ ಸರ್ಕಾರ ಇನ್ನೂ ಬಂದಿರಲಿಲ್ಲ. ಬೇಕೆಂದು ಚಳವಳಿ ನಡೆದಿತ್ತು, ದೊಡ್ಡಬಳ್ಳಾಪುರದಲ್ಲಿ ದಿನ ಬಿಟ್ಟು ದಿನ ಮೆರವಣಿಗೆ. ನಾವು ಮೇಷ್ಟ್ರುಗಳು ಮಹಾರಾಜರ ಸರ್ಕಾರದ ಸಂಬಳ ತಿನ್ನುವವರು. ಶಾಲೆಯಲ್ಲಿ ಯಾರೂ ರಾಜಕೀಯ ಎತ್ತಕೂಡದು ಎಂದು ಹೆಡ್ ಮೇಷ್ಟ್ರು ನಮ್ಮನ್ನು ಕೂರಿಸಿಕೊಂಡು ಎರಡೆರಡು ಸಲ ಹೇಳಿದ್ದರು. ನನಗೋ ನಾಲಿಗೆ ತುರಿಕೆ. ಬೆಳಿಗ್ಗೆ ಮಹಾರಾಜರಿಗೆ ಜಯವಾಗಲೆಂದು ಮಕ್ಕಳ ಜೊತೆ ನಿಂತು ಪ್ರಾರ್ಥನೆ ಹಾಡುವುದು, ಆಮೇಲೆ ಕ್ಲಾಸಿನ ಬಾಗಿಲು ಮುಂದಕ್ಕೆ ತಳ್ಳಿ, "ಅಪ್ಪ ಕೂತ ಸಿಂಹಾಸನದಲ್ಲಿ ಮಗ ಕೂರುವುದು ಯೋಗ್ಯತೆಯಿಂದಲ್ಲ, ಹುಟ್ಟಿನಿಂದ. ಆಳುವವರನ್ನು ಪ್ರಜೆಗಳೇ ಆರಿಸಬೇಕು" ಎಂದು ಭಾಷಣ ಬಿಗಿಯುವುದು. ಆದರೆ ನಾನು ನ್ಯಾಯವಂತನಲ್ಲವೇ! ಕೊನೆಯಲ್ಲಿ ತಪ್ಪದೆ, "ಇದು ನನ್ನ ಸ್ವಂತ ಅಭಿಪ್ರಾಯ. ನೀವು ಯೋಚಿಸಿ ನೋಡಿ" ಎಂದು ಸೇರಿಸುತ್ತಿದ್ದೆ. ಆ ಎರಡು ವಾಕ್ಯ ಹೇಳಿಬಿಟ್ಟರೆ ನನ್ನ ಜವಾಬ್ದಾರಿ ಕಳೆಯಿತು ಎಂದುಕೊಂಡಿದ್ದೆ.

ನಮ್ಮ ಮಕ್ಕಳ ಪಾಲಿಗೆ ಮೇಷ್ಟ್ರ ಬಾಯಿಂದ ಬಿದ್ದದ್ದೆಲ್ಲ ಪಾಠವೇ ಎನ್ನುವುದನ್ನು ನಾನು ಮರೆತಿದ್ದೆ. ಮಗ್ಗಿಯನ್ನು ಬಾಯಿಪಾಠ ಮಾಡಿದವರು, ನದಿಗಳ ಹೆಸರು ಬಾಯಿಪಾಠ ಮಾಡಿದವರು, ಇದನ್ನು ಬಿಡುತ್ತಾರೆಯೇ? ಒಂದು ದಿನ ಸಂಸ್ಥಾನದ ಆಡಳಿತದ ಮೇಲೆ ಕ್ಲಾಸಿನಲ್ಲೇ ಸಣ್ಣ ಪರೀಕ್ಷೆ ಇಟ್ಟೆ. ಮೂವತ್ತು ಹುಡುಗರ ಕಾಗದದಲ್ಲೂ ನನ್ನ ಭಾಷಣ ಒಂದಕ್ಷರ ಬಿಡದೆ ಇತ್ತು. ಕೊನೆಯಲ್ಲಿ ಮೂವತ್ತು ಸಲ, "ಇದು ನನ್ನ ಸ್ವಂತ ಅಭಿಪ್ರಾಯ. ನೀವು ಯೋಚಿಸಿ ನೋಡಿ." ಅದನ್ನು ಕಂಡು ನಾನು ತಲೆ ಚಚ್ಚಿಕೊಳ್ಳಬೇಕಾಗಿತ್ತು. ನಾನು ಮಾಡಿದ್ದೇನು? ಒಳಗೊಳಗೇ ಹಿಗ್ಗಿದೆ. ಎಲ್ಲರಿಗೂ ಹತ್ತಕ್ಕೆ ಒಂಬತ್ತು ಕೊಟ್ಟೆ.

ಪಟೇಲರ ಮಗಳ ಕಾಗದ ಒಂದೇ ಬೇರೆ. ಅವಳು ನನ್ನ ಭಾಷಣ ಬರೆದಿರಲಿಲ್ಲ. ಒಂದು ಪ್ರಶ್ನೆ ಬರೆದಿದ್ದಳು. 'ಮಹಾರಾಜರ ಮಗ ಮಹಾರಾಜ ಆಗುವುದು ತಪ್ಪಾದರೆ, ಪಟೇಲರ ಮಗ ಪಟೇಲ ಆಗುವುದು ಸರಿಯೇ ಸಾರ್?'

ನಾನು ಕೂತಿದ್ದದ್ದು ಪಟೇಲರ ಕೋಣೆಯಲ್ಲಿ. ಪಕ್ಕದಲ್ಲಿ ಪಟೇಲರ ಮನೆಯ ಹಾಲು ಕಾದು ಕೆನೆಗಟ್ಟಿತ್ತು. ದೂರದ ಮೈಸೂರಿನ ಸಿಂಹಾಸನದ ಬಗ್ಗೆ ಅಷ್ಟು ಕೊಚ್ಚಿಕೊಳ್ಳುತ್ತಿದ್ದವನಿಗೆ ಗೋಡೆಯ ಆಚೆ ಕೆಮ್ಮುತ್ತಿದ್ದವರ ಬಗ್ಗೆ ಒಂದು ಸಾಲು ಬರೆಯಲು ಧೈರ್ಯ ಬರಲಿಲ್ಲ. ಕೆಂಪು ಶಾಯಿಯಲ್ಲಿ 'ಇದು ಪ್ರಶ್ನೆಗೆ ಸಂಬಂಧಿಸಿದ್ದಲ್ಲ' ಎಂದು ಗೀಚಿ, ಸೊನ್ನೆ ಕೊಟ್ಟೆ. ಮಾರನೆಯ ದಿನ ಅವಳು ಕಾಗದ ನೋಡಿ, ಮಡಿಸಿ, ಪುಸ್ತಕದೊಳಗೆ ಇಟ್ಟುಕೊಂಡಳು.

ಇದಾದ ವಾರಕ್ಕೆ ಸ್ಕೂಲ್ ಇನ್‌ಸ್ಪೆಕ್ಟರು ತನಿಖೆಗೆ ಬಂದರು. ಹೊಸಲಿಗೆಲ್ಲ ಸಾರಿಸಿ ರಂಗೋಲಿ ಬಿಟ್ಟಿತ್ತು, ಮಕ್ಕಳು ತಲೆಗೆ ಎಣ್ಣೆ ಸವರಿಕೊಂಡು ಬಂದಿದ್ದರು. ಸಕ್ಕರೆಗೆ ಕಂಟ್ರೋಲು ಇದ್ದ ಕಾಲ, ಆದರೂ ಪಟೇಲರು ಎಲ್ಲಿಂದಲೋ ಹೊಂಚಿ ಸಕ್ಕರೆ ಕಾಫಿಯನ್ನೇ ಮಾಡಿಸಿ ತಂದಿದ್ದರು. ಜರಿ ಪೇಟ ಸುತ್ತಿ, ಇನ್‌ಸ್ಪೆಕ್ಟರ ಪಕ್ಕದ ಕುರ್ಚಿಯಲ್ಲಿ ಅವರೂ ಕೂತರು. ಹೆಡ್ ಮೇಷ್ಟ್ರು ಹಿಂದೆ ಕೈಕಟ್ಟಿ ನಿಂತರು. ನಾನು ಕಪ್ಪು ಹಲಗೆಯ ಪಕ್ಕ.

ಇನ್‌ಸ್ಪೆಕ್ಟರು ಮುಂದಿನ ಸಾಲಿನ ಹುಡುಗನೊಬ್ಬನನ್ನು ಎಬ್ಬಿಸಿ, "ನಮ್ಮ ಸಂಸ್ಥಾನವನ್ನು ಆಳುವವರು ಯಾರಪ್ಪ?" ಎಂದು ಕೇಳಿದರು. ಅಷ್ಟೇ ಸುಲಭದ ಪ್ರಶ್ನೆ.

"ಮಹಾರಾಜರು ಸಾರ್" ಎಂದ ಹುಡುಗ. ಅಲ್ಲಿಗೆ ನಿಲ್ಲಿಸಬಾರದಿತ್ತೇ ಅವನು! ಮಗ್ಗಿ ಒಪ್ಪಿಸುವ ರಾಗದಲ್ಲಿ ಮುಂದುವರಿದ. "ಅಪ್ಪ ಕೂತ ಸಿಂಹಾಸನದಲ್ಲಿ ಮಗ ಕೂರುವುದು ಯೋಗ್ಯತೆಯಿಂದಲ್ಲ, ಹುಟ್ಟಿನಿಂದ. ಆಳುವವರನ್ನು ಪ್ರಜೆಗಳೇ ಆರಿಸಬೇಕು." ಕೊನೆಯ ಸಾಲು ಬರುವ ಹೊತ್ತಿಗೆ ಇಡೀ ಕ್ಲಾಸು ದನಿಗೂಡಿಸಿತು. "ಇದು ನನ್ನ ಸ್ವಂತ ಅಭಿಪ್ರಾಯ! ನೀವು ಯೋಚಿಸಿ ನೋಡಿ!"

ಇನ್‌ಸ್ಪೆಕ್ಟರ ಕೈಯ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು. ಹೆಡ್ ಮೇಷ್ಟ್ರ ಮುಖ ಸುಣ್ಣದಂತೆ ಬಿಳಿಚಿಕೊಂಡಿತು.

"ಯಾರು ಹೇಳಿಕೊಟ್ಟದ್ದು ಇದು?"

ಮಕ್ಕಳು ನನ್ನ ಕಡೆ ನೋಡಲಿಲ್ಲ. ಅಯ್ಯೋ, ನೋಡಿದ್ದರಾದರೂ ಚೆನ್ನಾಗಿತ್ತು. ಎಲ್ಲರೂ ತಲೆ ತಗ್ಗಿಸಿದರು. 'ನಾನೇ ಸಾರ್' ಎಂದು ಎರಡು ಮಾತು ಹೇಳಿದ್ದರೆ ಮುಗಿದಿತ್ತು. ನನ್ನ ಮನೆ, ನನ್ನ ಅವ್ವ, ಇನ್ನೂ ಓದುತ್ತಿದ್ದ ತಮ್ಮಂದಿರು ಎಲ್ಲ ಕಣ್ಣ ಮುಂದೆ ಬಂದರು ಎಂದು ಬರೆಯಬಹುದು. ಅದು ನೆಪ. ನಿಜವಾಗಿ ಬಂದದ್ದು ಭಯವೊಂದೇ. ಸೀಮೆಸುಣ್ಣವನ್ನು ಬೆರಳಲ್ಲಿ ಪುಡಿ ಮಾಡುತ್ತ ನಿಂತುಬಿಟ್ಟೆ.

ಕಿಟಕಿಯ ಪಕ್ಕದ ಮಣೆಯಿಂದ ಪಟೇಲರ ಮಗಳು ಎದ್ದಳು. "ಯಾರೂ ಹೇಳಿಕೊಟ್ಟಿಲ್ಲ ಸಾರ್. ನಾನೇ ಎಲ್ರಿಗೂ ಹೇಳಿದ್ದು. ಅದು ನನ್ನ ಅಭಿಪ್ರಾಯ."

ಇನ್‌ಸ್ಪೆಕ್ಟರಿಗೆ ನಂಬಿಕೆ ಬರಲಿಲ್ಲ. ಅವರೇನು ದಡ್ಡರೇ? "ನಿಂದಾ? ಹಾಗಾದರೆ ಬಾಯಿಪಾಠ ಬಿಟ್ಟು ನಿನ್ನ ಮಾತಿನಲ್ಲಿ ಹೇಳಮ್ಮ, ನೋಡೋಣ" ಎಂದರು.

ಮಾತು ತನ್ನದೇ ಎಂದು ತೋರಿಸಬೇಕಾದರೆ ನಾನು ಹೇಳಿಕೊಡದೇ ಇದ್ದದ್ದನ್ನೇ ಅವಳು ಹೇಳಬೇಕಿತ್ತು. ಹಾಗೆ ಅವಳ ಹತ್ತಿರ ಇದ್ದದ್ದು ಒಂದೇ.

"ನಮ್ಮಪ್ಪ ಪಟೇಲ್ರು ಸಾರ್. ಅದಕ್ಕೇ ನಮ್ಮಣ್ಣನೂ ಪಟೇಲ ಆಗ್ತಾನೆ. ಅವನಿಗೆ ನೆಟ್ಟಗೆ ಓದೋಕೂ ಬರಲ್ಲ. ಊರೋರನ್ನ ಯಾರೂ ಕೇಳಲ್ಲ. ಅದೂ ಸರಿ ಅಲ್ಲ ಸಾರ್."

ಪಟೇಲರು ಪೇಟ ಸರಿಪಡಿಸಿಕೊಂಡರು. ಇನ್‌ಸ್ಪೆಕ್ಟರು ಒಮ್ಮೆ ಅವರ ಮುಖ, ಒಮ್ಮೆ ಅವಳ ಮುಖ ನೋಡಿ, ಹೋ ಎಂದು ನಕ್ಕುಬಿಟ್ಟರು. "ಏನ್ ಪಟೇಲ್ರೇ, ಮನೇಲೇ ವಿರೋಧ ಪಕ್ಷ ಸಾಕಿದ್ದೀರಲ್ಲ!" ಎಂದು ಕಾಫಿ ಮುಗಿಸಿ ಮುಂದಿನ ಕ್ಲಾಸಿಗೆ ಎದ್ದರು. ವರದಿಯಲ್ಲಿ ನನ್ನ ಬಗ್ಗೆ 'ಪಾಠ ತೃಪ್ತಿಕರ' ಎಂದು ಬರೆದು ಹೋದರು. "ಬದುಕ್ಕೊಂಡ್ಯಲ್ಲಪ್ಪಾ, ಇನ್ನಾದ್ರೂ ಬಾಯಿಗೆ ಬೀಗ ಹಾಕ್ಕೋ" ಎಂದು ಹೆಡ್ ಮೇಷ್ಟ್ರು ನನ್ನ ಬೆನ್ನು ತಟ್ಟಿದರು.

ಮಾರನೆಯ ದಿನ ಕಿಟಕಿಯ ಪಕ್ಕದ ಮಣೆ ಖಾಲಿ. ಅದರ ಮಾರನೆಯ ದಿನವೂ ಖಾಲಿ. ಜ್ವರವಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು, ಅವಳು ನನ್ನ ಕಣ್ಣೆದುರೇ ಇದ್ದಳು. ಪಟೇಲರ ಹಿತ್ತಿಲಲ್ಲಿ ರಾಗಿ ಬೀಸುವ ಸದ್ದು ಈಗ ನಾನು ಶಾಲೆಗೆ ಹೊರಡುವ ಹೊತ್ತಿಗೂ ಕೇಳುತ್ತಿತ್ತು. ಬೀಸುತ್ತಿದ್ದವಳು ಅವಳೇ. ಹಾಲು ಮಾತ್ರ ಎಂದಿನಂತೆ ಬರುತ್ತಿತ್ತು. ಆ ಹಾಲು ಕುಡಿಯುವಾಗ ನನಗಾಗುತ್ತಿದ್ದ ನಾಚಿಕೆಯನ್ನು ಹೇಳಲಾರೆ. ಕುಡಿಯುತ್ತಿದ್ದೆ, ಅದೂ ನಿಜ. ಇವತ್ತು ಹೋಗಿ ಹೇಳುತ್ತೇನೆ, ನಾಳೆ ಹೋಗಿ ಹೇಳುತ್ತೇನೆ ಎನ್ನುತ್ತ ಒಂದು ತಿಂಗಳು ತಳ್ಳಿದೆ.

ಆಮೇಲೆ ಮಹಾರಾಜರು ಪ್ರಜೆಗಳ ಸರ್ಕಾರಕ್ಕೆ ಒಪ್ಪಿದರು ಎಂಬ ಸುದ್ದಿ ಬಂತು. ದೊಡ್ಡಬೆಳವಂಗಲದಲ್ಲಿ ತಮಟೆ ಹೊಡೆದರು. ನಮ್ಮ ಹೆಡ್ ಮೇಷ್ಟ್ರೇ ಮಕ್ಕಳಿಗೆ ಕಡಲೆಪುರಿ, ಬೆಲ್ಲ ಹಂಚಿದರು. ನನಗೆ ಎಲ್ಲಿಲ್ಲದ ಧೈರ್ಯ ಬಂದುಬಿಟ್ಟಿತು! ಅಂದೇ ಸಂಜೆ ಪಟೇಲರ ಜಗಲಿಗೆ ಹೋದೆ. ಅವರು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತ ಕೂತಿದ್ದರು.

"ಪಟೇಲ್ರೇ, ಅವತ್ತು ಮಕ್ಕಳು ಹೇಳಿದ್ದು ನನ್ನ ಮಾತು. ನಾನೇ ಕ್ಲಾಸಿನಲ್ಲಿ ಹೇಳ್ತಿದ್ದೆ. ನಿಮ್ಮ ಮಗಳದು ಏನೂ ತಪ್ಪಿಲ್ಲ. ಅವಳನ್ನ ಸ್ಕೂಲಿಗೆ ಕಳಿಸಿ" ಎಂದೆ.

ಅವರು ಹಗ್ಗದಿಂದ ಕೈ ತೆಗೆಯಲಿಲ್ಲ. "ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ಅವತ್ತು ಹೇಳಿದ್ರೆ ನಿಮ್ ಕೆಲ್ಸ ಹೋಗ್ತಿತ್ತು. ಇವತ್ತು ಹೇಳಿದ್ರೆ ಜನ ಹಾರ ಹಾಕ್ತಾರೆ. ಅಲ್ವಾ ಮೇಷ್ಟ್ರೇ?"

ನಾನು ಜಗಲಿಯ ಅಂಚಿಗೆ ಕೂತೆ.

"ನನ್ ಪಟೇಲಿಕೆ ಬಗ್ಗೆ ಮಾತಾಡಿದ್ಲು ಅಂತ ಮಗಳನ್ನ ಬಿಡಿಸ್ದೆ ಅಂದ್ಕೊಂಡ್ರಾ? ಅವಳು ಹೇಳಿದ್ರಲ್ಲಿ ಸುಳ್ಳೇನಿದೆ? ಆ ನನ್ಮಗನಿಗೆ ಕಂದಾಯದ ರಸೀತಿ ಓದೋಕೂ ಬರಲ್ಲ. ಆ ಮಾತು ಯಾರ್ದು ಅಂತ ನಂಗೆ ಅವತ್ತೇ ಗೊತ್ತಿತ್ತು. ದಿನಾ ಬೆಳಿಗ್ಗೆ ಕೋಣೇಲಿ ಗಟ್ಟಿಯಾಗಿ ಹೇಳ್ಕೊಂಡು ಅಭ್ಯಾಸ ಮಾಡ್ತಿದ್ರಲ್ಲ, ನಂಗೇನು ಕಿವಿ ಇಲ್ವಾ? ಮೇಷ್ಟ್ರು ಬಾಯಿ ಬಿಡ್ತಾರೆ, ಈಗ ಬಿಡ್ತಾರೆ ಅಂತ ನಿಮ್ ಮುಖಾನೇ ನೋಡ್ತಾ ಕೂತಿದ್ದೆ. ಬಿಡ್ಲಿಲ್ಲ. ಮಗೂನ ಮುಂದಕ್ಕೆ ಬಿಟ್ಟು ಹಿಂದೆ ನಿಂತ್ಕೊಂಡ್ರಿ. ಅಂಥೋರ ಹತ್ರ ನನ್ ಮಗಳು ಇನ್ನೇನ್ ಕಲೀಬೇಕು, ನೀವೇ ಹೇಳಿ."

ನಾನು ವರ್ಗ ಮಾಡಿಸಿಕೊಂಡು ಹೋಗುತ್ತೇನೆ, ಬೇರೆ ಮೇಷ್ಟ್ರು ಬರುತ್ತಾರೆ, ಪರೀಕ್ಷೆಗಾದರೂ ಕೂರಿಸಿ ಎಂದು ಕೈ ಮುಗಿದೆ.

ಅವರ ದನಿ ಇಳಿಯಿತು. "ಇಲ್ಲೇ ವಿಜಯಪುರದ ಕಡೆ ಗಂಡಿನೋರಿಗೆ ಮಾತು ಕೊಟ್ಟಾಯ್ತು ಮೇಷ್ಟ್ರೇ. ಇನ್ನು ನನ್ ಕೈಲಿಲ್ಲ. ಒಂದು ಹದಿನೈದು ದಿನದ ಮುಂಚೆ ಬಂದಿದ್ರೂ ಆಗ್ತಿತ್ತು."

ಹದಿನೈದು ದಿನ! ಅಷ್ಟೂ ದಿನ ನಾನು ಅವರ ಹಾಲು ಕುಡಿಯುತ್ತ ಗೋಡೆಯ ಈಚೆಯೇ ಇದ್ದೆ. ಎದ್ದು ಹತ್ತು ಹೆಜ್ಜೆ ಹಾಕಿದ್ದರೆ ಸಾಕಿತ್ತು.

ಆ ಹೊತ್ತಿಗೆ ಬೀಸುವ ಕಲ್ಲಿನ ಸದ್ದು ನಿಂತಿತ್ತು. ಅವಳು ಹೊಸಲಿನ ಒಳಗೆ ಬಂದು ನಿಂತಿದ್ದಳು, ಮೊಣಕೈವರೆಗೂ ರಾಗಿ ಹಿಟ್ಟು. ಕೈಯಲ್ಲಿ ಆ ಪರೀಕ್ಷೆಯ ಕಾಗದ. ಅದನ್ನು ನನ್ನ ಮುಂದೆ ಹಿಡಿದು, "ಸಾರ್, ಇದಕ್ಕೆ ನೀವು ಉತ್ತರ ಹೇಳ್ಲೇ ಇಲ್ಲ" ಎಂದಳು. ಕೋಪವಿರಲಿಲ್ಲ. ಕ್ಲಾಸಿನಲ್ಲಿ ಅನುಮಾನ ಕೇಳುವ ದನಿಯೇ.

ಪಟೇಲರು ಪಕ್ಕದಲ್ಲೇ ಇದ್ದರು. ಅವರ ಮುಂದೆಯೇ ಹೇಳಿದೆ. "ಸರಿಯಲ್ಲಮ್ಮ. ಪಟೇಲರ ಮಗ ಹುಟ್ಟಿನಿಂದ ಪಟೇಲ ಆಗೋದೂ ಸರಿಯಲ್ಲ. ನೀನು ಕೇಳಿದ್ದೇ ಸರಿ." ಜೇಬಿನಿಂದ ಪೆನ್ನು ತೆಗೆದು, ನಾನು ಗೀಚಿದ್ದ ಕೆಂಪು ಸಾಲನ್ನು ಹೊಡೆದುಹಾಕಿದೆ. ಸೊನ್ನೆಯನ್ನೂ ಹೊಡೆದು ಪಕ್ಕದಲ್ಲಿ ಹತ್ತು ಎಂದು ಬರೆದೆ.

ಅವಳು ಕಾಗದ ತೆಗೆದುಕೊಂಡು ಆ ಹತ್ತನ್ನು ಸ್ವಲ್ಪ ಹೊತ್ತು ನೋಡಿದಳು.

"ಇನ್ನು ಮಾರ್ಕು ಯಾಕೆ ಸಾರ್?" ಎಂದು ಕೇಳಿ, ಕಾಗದವನ್ನು ನನ್ನ ಕೈಗೇ ಕೊಟ್ಟು, ಒಳಗೆ ಹೋದಳು. ಬೀಸುವ ಸದ್ದು ಮತ್ತೆ ಶುರುವಾಯಿತು.