ಆಫ್ ಮಾಡದೆ ಬಿಟ್ಟ ಒಂದು ಪ್ಲಗಿನ್

ವೆಬ್‌ಸೈಟುಗಳನ್ನು ಕಟ್ಟುವವರಿಗೆ ಈ ಕಾಲದಲ್ಲಿ ಹೆಸರೂ ಉಂಟು, ಹಾರವೂ ಉಂಟು. ಕಟ್ಟಿದ್ದು ಬೀಳದಂತೆ ಕಾಯುವವರಿಗೆ, ಅದು ಬಿದ್ದ ದಿನ ಬೈಗುಳ ಮಾತ್ರ ಉಂಟು. ಈ ಎರಡನೆಯ ಸಾಲಿನ ಹಿರಿಯರೂ, ನಮ್ಮ ಆಸ್ಪತ್ರೆಯ ಗಣಕ ವಿಭಾಗದ ಮುಖ್ಯಸ್ಥರೂ, ನಾವೆಲ್ಲ ಬೆನ್ನ ಹಿಂದೆ ‘ಒಂದೊಂದೇ ಮೇಡಂ’ ಎಂದು ಕರೆಯುವವರೂ ಆದ ಮಾನ್ಯರ ಸಾಧನೆಯನ್ನು ಕುರಿತು ಬರೆಯಬೇಕೆಂದು ಅವರ ನಿವೃತ್ತಿಯ ನೆನಪಿನ ಸಂಚಿಕೆಯ ಸಂಪಾದಕ ಮಂಡಳಿ ಅಪ್ಪಣೆ ಕೊಟ್ಟಾಗಿನಿಂದ ನನಗೆ ತಲೆಬುಡ ತಿಳಿಯುತ್ತಿಲ್ಲ. ಏನೂ ಕೆಡದೆ ಕಳೆದ ದಿನಗಳನ್ನು ಸಾಧನೆಯೆಂದು ಬರೆಯುವುದಾದರೂ ಹೇಗೆ?

ದಾಖಲೆ ಕೋಣೆಗೆ ಬೆರಳಚ್ಚುಗಾರ್ತಿಯಾಗಿ ಬಂದ ಮೇಡಂ, ಆಸ್ಪತ್ರೆಗೆ ವೆಬ್‌ಸೈಟ್ ಆದಾಗ ‘ನಿಮಗೆ ಟೈಪಿಂಗ್ ಬರುತ್ತಲ್ಲ’ ಎಂಬ ಒಂದೇ ಕಾರಣಕ್ಕೆ ಅದರ ಉಸ್ತುವಾರಿಗೆ ನೇಮಕಗೊಂಡರಂತೆ. ಸೈಟಿಗೆ ಉಡುಪಿನಂತಿರುವ ಥೀಮ್, ಒಂದೊಂದು ಕೆಲಸಕ್ಕೆ ಒಂದರಂತೆ ಸೇರಿಸಿಕೊಳ್ಳುವ ಪ್ಲಗಿನ್‌ಗಳು, ಇವೆಲ್ಲ ಬೇರೆಬೇರೆಯವರು ಬರೆದು ಕೊಟ್ಟವು. ಒಂದನ್ನು ಹೊಸದು ಮಾಡಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ; ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಆಗ ಇಡೀ ಸೈಟ್ ಮಾಯವಾಗಿ ‘ದೋಷ 500’ ಎಂಬ ಸಾಲು ಕಾಣಿಸುತ್ತದೆ. ಏನೋ ಕೆಟ್ಟಿದೆ ಎನ್ನುವುದಷ್ಟೇ ಅದರ ಅರ್ಥ, ಏನು ಕೆಟ್ಟಿದೆ ಎಂದು ಅದು ಹೇಳುವುದಿಲ್ಲ.

ಅದಕ್ಕೆ ಮೇಡಂ ಅವರದು ಒಂದೇ ಮದ್ದು. ಎಲ್ಲ ಪ್ಲಗಿನ್‌ಗಳನ್ನೂ ಆಫ್ ಮಾಡುವುದು, ಸೈಟ್ ಎದ್ದು ನಿಂತರೆ ಒಂದೊಂದನ್ನೇ ಆನ್ ಮಾಡುತ್ತ, ಪ್ರತಿ ಸಲವೂ ಪಕ್ಕದ ಮೇಜಿನವರನ್ನು “ಈಗ?” ಎಂದು ಕೇಳುವುದು. ಪಕ್ಕದವರು ಪುಟವನ್ನು ಮತ್ತೆ ತೆರೆದು “ಇದೆ” ಎನ್ನಬೇಕು. “ಹೋಯ್ತು” ಎಂದರೆ ಕಳ್ಳ ಸಿಕ್ಕಿದ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೈಟ್ ಬಿದ್ದಾಗ ಅಧೀಕ್ಷಕರು ಬಂದು ನನ್ನ ಮೇಲೆ ಹರಿಹಾಯ್ದರು. ಮೇಡಂ ಅಧೀಕ್ಷಕರಿಗೊಂದು ಕುರ್ಚಿ ಎಳೆದು ಹಾಕಿ, “ಸಾರ್, ಬೈಯೋದು ಆಮೇಲೂ ಬೈಬಹುದು. ಈಗ ಕೂತ್ಕೊಂಡು ‘ಇದೆ’, ‘ಹೋಯ್ತು’ ಅಂತ ಹೇಳ್ತಾ ಇರಿ” ಎಂದರು. ಅಧೀಕ್ಷಕರು ಕೂತು ‘ಇದೆ’, ‘ಇದೆ’ ಎನ್ನತೊಡಗಿದರು. ಆ ಉಪಕಾರವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಇನ್ನು ಕಳೆದ ತಿಂಗಳ ಮಾತು. ಯಾರ ಡಯಾಲಿಸಿಸ್ ಯಾವ ಕಟ್ಟಡದಲ್ಲಿ, ಯಾವ ಹೊತ್ತಿಗೆ ಎಂದು ತೋರಿಸುವ ಪ್ಲಗಿನ್ನನ್ನು ಮೇಡಂ ಹಿಂದೆಯೇ ತಮ್ಮ ಕೈಯಾರೆ ಬರೆದಿದ್ದರು. ನನ್ನ ದೊಡ್ಡಮ್ಮನೂ ಆ ರೋಗಿಗಳಲ್ಲಿ ಒಬ್ಬರು. ಮೇಡಂ ರಜೆಯ ಮೇಲಿದ್ದ ಒಂದು ಬೆಳಿಗ್ಗೆ ಯಂತ್ರಗಳು ಕೆಟ್ಟು ಅರ್ಧ ಸರದಿಗಳು ಊರಾಚೆಯ ಕಟ್ಟಡಕ್ಕೆ ಹೋದವು. ಅದೇ ಬೆಳಿಗ್ಗೆ ಸೈಟೂ ಬಿತ್ತು.

ದೊಡ್ಡಮ್ಮ ಫೋನ್ ಮಾಡಿದರು. “ಅದೇನೋ ಐನೂರು ಅಂತ ಬರ್ತಿದೆ ಕಣೇ. ನಾನು ಯಾವ ಬಸ್ ಹತ್ಲಿ?”

ನನಗೂ ಗೊತ್ತಿರಲಿಲ್ಲ. ಡಯಾಲಿಸಿಸ್ ಕೋಣೆಗೆ ಫೋನ್ ಮಾಡಿದರೆ ಸದಾ ಬಿಜಿ. ನಾನೂ ಪಕ್ಕದ ಮೇಜಿನ ವಿನ್ಯಾಸಕಾರನೂ ಎಲ್ಲವನ್ನೂ ಆಫ್ ಮಾಡಿದೆವು, ಮೇಡಂ ಬರೆದದ್ದೊಂದನ್ನು ಬಿಟ್ಟು. ಸೈಟ್ ಬರಲಿಲ್ಲ. ಥೀಮ್ ಬದಲಿಸಿದೆವು, ಬರಲಿಲ್ಲ. ಸೈಟ್ ನೆಲೆಸಿರುವ ಯಂತ್ರ, ಅಂದರೆ ಸರ್ವರ್, ಬರೆದಿಡುವ ದೋಷದ ಸಾಲುಗಳಲ್ಲಿ ಮೇಡಂ ಅವರ ಪ್ಲಗಿನ್ನಿನ ಹೆಸರೇ ಮತ್ತೆ ಮತ್ತೆ ಕಾಣುತ್ತಿತ್ತು. ಪಾಪ, ಅದನ್ನು ಯಾರೋ ಕೆಡಿಸುತ್ತಿದ್ದಾರೆ ಎಂದುಕೊಂಡೆವೇ ಹೊರತು ಅದೇ ಕೆಟ್ಟಿರಬಹುದೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಕೊನೆಗೆ ಮೇಡಂ ಫೋನಿಗೆ ಸಿಕ್ಕರು.

“ನಂದೂ ಆಫ್ ಮಾಡಿದ್ರಾ?”

“ಇಲ್ಲ ಮೇಡಂ, ಅದು ನಿಮ್ಮದಲ್ವಾ?”

“ನಂದಾದ್ರೆ? ಅದಕ್ಕೇನು ಎರಡು ಕೊಂಬಿದ್ಯಾ? ಸರ್ವರ್ ಹೊಸದಾಗಿದೆ, ಅದು ಹಳೇದು. ತೆಗೀರಿ. ಸರದೀನ ಸುಮ್ನೆ ಪುಟದಲ್ಲಿ ಟೈಪ್ ಮಾಡಿ ಹಾಕಿ.”

ಆಫ್ ಮಾಡಿದ ಕೂಡಲೇ ಸೈಟ್ ಎದ್ದು ನಿಂತಿತು. ವಿನ್ಯಾಸಕಾರ ಡಯಾಲಿಸಿಸ್ ಕೋಣೆಗೇ ಓಡಿ ಸರದಿ ಬರೆಸಿಕೊಂಡು ಬಂದ, ನಾನು ಟೈಪ್ ಮಾಡಿದೆ. ದೊಡ್ಡಮ್ಮ ಸರಿಯಾದ ಬಸ್ ಹತ್ತಿದರು. ಸಂತೋಷಪಡಬೇಕಿತ್ತು. ಆದರೆ ಮೇಡಂ ಬರೆದದ್ದೇ ಕಳ್ಳನಾಗಿತ್ತು; ನನಗೋ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ.

ಆಮೇಲೆ ಹೊಸ ಪ್ಲಗಿನ್ ನಾನೇ ಬರೆದೆ; ಹಳೆಯದನ್ನು ಅಳಿಸಲು ಮಾತ್ರ ಕೈ ಬರಲಿಲ್ಲ. ನಿವೃತ್ತಿಯ ದಿನ ಮೇಡಂ ನನ್ನ ಪಕ್ಕದಲ್ಲಿ ಬಂದು ಕೂತು, “ಇನ್ನೂ ಇಟ್ಕೊಂಡಿದ್ದೀಯಲ್ಲಮ್ಮಾ!” ಎಂದು ಗದರಿ, ತಾವೇ ಅಳಿಸಿದರು. ಆಮೇಲೆ ನನ್ನತ್ತ ತಿರುಗಿ ಕೇಳಿದರು, “ಈಗ?”

ಪುಟವನ್ನು ಮತ್ತೆ ತೆರೆದೆ. “ಇದೆ ಮೇಡಂ” ಎಂದೆ.

ದಿನಾ ಬೆಳಿಗ್ಗೆ ಮನೆಯಿಂದಲೇ ಸೈಟ್ ತೆರೆದು ನೋಡುತ್ತೇನೆಂದು ಮೇಡಂ ಮಾತು ಕೊಟ್ಟಿದ್ದಾರೆ. ಅಂಥ ಬೆಳಗುಗಳು ಅವರಿಗೆ ಎಣಿಕೆಗೆ ಸಿಗದಷ್ಟು ಒದಗಲಿ, ಕಣ್ಣೂ ಕೈಯೂ ಗಟ್ಟಿಯಾಗಿರಲಿ, ಹೊಸದೇನಾದರೂ ಬರೆಯುತ್ತಲೂ ಇರಲಿ. ಪುಟ ಬಾರದ ದಿನ ಅವರು ಫೋನ್ ಮಾಡಿ ಆ ಒಂದೇ ಮಾತು ಕೇಳಲಿ. “ಇದೆ” ಎನ್ನುವವರೆಗೆ ನಾವು ಮೇಜು ಬಿಟ್ಟು ಏಳುವುದಿಲ್ಲ.