ಮೊದಲು ಪಕ್ಕದ ಮನೆ

ಮನೆ ಕೊಳ್ಳಲು ಬಂದವರನ್ನು ದಲ್ಲಾಳಿ ತಿಮ್ಮೇಗೌಡರು ಮೊದಲು ಕರೆದೊಯ್ಯುತ್ತಿದ್ದುದು ಮಾರಾಟಕ್ಕಿಲ್ಲದ ಮನೆಗೆ. ಅಂದರೆ, ಪಕ್ಕದ ಮನೆಗೆ. ಅಲ್ಲಿ ಕೂರಿಸಿ, ಕಾಫಿ ಕುಡಿಸಿ, ಆ ಮನೆಯವರು ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಗಿಸಿದ ಮೇಲೆಯೇ ಗೌಡರ ಜೇಬಿನಿಂದ ಬೀಗದ ಕೈ ಹೊರಬರುತ್ತಿತ್ತು. ಹೆಣ್ಣು ನೋಡುವ ಶಾಸ್ತ್ರವನ್ನು ನಾನು ಬಲ್ಲೆ. ಮನೆ ಕೊಳ್ಳುವವನನ್ನು ನೋಡುವ ಶಾಸ್ತ್ರವೂ ಒಂದುಂಟೆಂದು ತಿಳಿದದ್ದು ಹಾಸನದಲ್ಲಿ, ನಿವೃತ್ತನಾದ ಮೇಲೆ, ನಾನೇ ತಲೆ ಬಾಚಿಕೊಂಡು ಕೂತಾಗ.

"ಗ್ವಾಡೆ ಸರಿ ಇಲ್ದಿದ್ರೆ ಕೆಡವಿ ಕಟ್ಬೋದು ಸಾ. ಪಕ್ಕದ್ಮನೇವ್ರನ್ನ ಕೆಡವಕಾಯ್ತದಾ?" ಎನ್ನುವುದು ಅವರ ವಾಸ್ತುಶಾಸ್ತ್ರದ ಸಾರ.

ಊರು ಕಟ್ಟಾಯ. ಬಿಳಿ ಅಂಗಿ, ಕಾಲರಿನ ಹಿಂದೆ ನೇತುಹಾಕಿದ ಕೊಡೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಇಷ್ಟೂ ಅವರ ಸಾಮ್ರಾಜ್ಯ. ಚತುರಂಗ ಬಲವೆಂದರೆ ಏರು ಬಂದಾಗ ತಳ್ಳಿಸಿಕೊಳ್ಳುವ ಒಂದು ಮೊಪೆಡ್. ಬೇರೆ ದಲ್ಲಾಳಿಗಳು ಅಳತೆ, ದಿಕ್ಕು, ಬೋರ್‌ವೆಲ್ ಎಂದು ಶುರುಮಾಡಿದರೆ ಇವರದು ಬೇರೆಯೇ ಧಾಟಿ. "ಅರಕಲಗೂಡಲ್ಲಿ ಒಂದ್ಮನೆ ಐತೆ ಸಾ, ಚಿನ್ನದಂಥ ಮನೆ. ಆದ್ರೆ ಎದುರ್ಮನೆಯೋನು ಬೆಳಿಗ್ಗೆ ಗಂಟ್ಲು ತೊಳ್ಕೊಂಡ್ರೆ ಮಲ್ಲಿಪಟ್ಟಣಕ್ಕೆ ಕೇಳ್ತದೆ." ಯಾವ ಬೀದಿಯಲ್ಲಿ ಯಾರು ಬೇಡದ ಬುದ್ಧಿ ಹೇಳುತ್ತಾರೆ, ಯಾರ ಮನೆಯ ಹಪ್ಪಳ ಯಾರ ಟೆರೇಸಿನಲ್ಲಿ ಒಣಗುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಪಕ್ಕದವರು ಬಂದವರ ಜಾತಿ ವಿಚಾರಿಸಿದರೋ, ಗೌಡರು ಕಾಫಿ ಲೋಟವನ್ನು ಹಾಗೆಯೇ ಕೆಳಗಿಟ್ಟು ಎದ್ದುಬಿಡುತ್ತಿದ್ದರು.

ವ್ಯಾಪಾರ ಕುದುರಿದರೆ ಇನ್ನೊಂದು ಕರಾರಿತ್ತು. ಕೊಂಡವರು ಕಾಂಪೌಂಡಿನ ಹೊರಗೆ ದಾರಿಹೋಕರಿಗಾಗಿ ಒಂದು ಕಲ್ಲುಬೆಂಚು ಹಾಕಿಸಬೇಕು. "ಒಳ್ಗಡೆ ಎಲ್ಲಾ ನಿಮ್ದೇ ಕಣಪ್ಪ. ಆಚೆ ಒಂದು ಕಲ್ಲು ಊರಿಗಿರ್ಲಿ." ಚನ್ನರಾಯಪಟ್ಟಣದಲ್ಲಿ ನೆಲಕ್ಕೆಲ್ಲ ಮಾರ್ಬಲ್ ಹಾಸಿದ ಯಜಮಾನರೊಬ್ಬರು, ಕಂಡಕಂಡವರು ಗೇಟಿನೆದುರು ಕೂತರೆ ಮನೆಯ ಅಂದ ಕೆಡುತ್ತದೆಂದು ಇದಕ್ಕೆ ತಕರಾರು ತೆಗೆದರು. ಗೃಹಪ್ರವೇಶದ ದಿನ ತಿಮ್ಮೇಗೌಡರು ಗೇಟಿನೆದುರು ಮಣ್ಣಿನಲ್ಲೇ ಚಕ್ಕಂಬಕ್ಕಲ ಹಾಕಿ ಕೂತರು. ಬಂದ ನೆಂಟರೆಲ್ಲ "ಯಾಕೆ ಗೌಡ್ರೆ ಇಲ್ಲಿ?" ಎಂದರೆ, "ಬೆಂಚಿಲ್ವಲ್ಲ, ಅದ್ಕೆ" ಎಂದು ಬಹಳ ವಿನಯದಿಂದ ಉತ್ತರ. ಊಟದ ಎಲೆ ಹಾಕುವ ಹೊತ್ತಿಗೆ ಬೆಂಚು ಮಂಜೂರಾಯಿತು. ಈಗ ಸಂಜೆ ಅದರ ಮೇಲೆ ಆ ಯಜಮಾನರೇ ಕೂತಿರುತ್ತಾರೆ. ಬೇರೆಯವರಿಗೆ ಜಾಗ ಸಿಗುವುದಿಲ್ಲವೆಂದು ದೂರು.

ನಾವು ಹೊಳೆನರಸೀಪುರದ ಕೋಟೆ ಬೀದಿಯವರು. ನನ್ನ ಹೆಂಡತಿ ಸರಸುವಿಗೆ ಪಾರ್ಶ್ವವಾಯು ಹೊಡೆದು, ಕೈಕಾಲು ಸರಿಹೋದರೂ ಮಾತು ಹಿಂದೆ ಉಳಿಯಿತು. ಹೇಳಬೇಕಾದ್ದು ತಲೆಯಲ್ಲಿರುತ್ತಿತ್ತು, ಬಾಯಿಗೆ ಬರಲು ಹೊತ್ತು ಬೇಕಾಗುತ್ತಿತ್ತು. ಮಾತು ಕಲಿಸುವ ಡಾಕ್ಟರು ಹಾಸನದಲ್ಲಿದ್ದರು. "ಎಷ್ಟು ಹೊತ್ತಾದರೂ ಅವರೇ ಹೇಳಲಿ. ಪ್ರಯತ್ನ ಬಿಟ್ಟರೆ ಇರುವ ಮಾತೂ ಹೋಗುತ್ತದೆ" ಎಂದಿದ್ದರು. ಅವಳಾಗಲೇ ಹೊಸಬರನ್ನು ಕಂಡರೆ ಕೈಸನ್ನೆಯಲ್ಲೇ ಮುಗಿಸತೊಡಗಿದ್ದಳು. ಹತ್ತಿರವಿದ್ದರೆ ಓಡಾಟ ತಪ್ಪೀತೆಂದು ಹಾಸನದಲ್ಲಿ ಮನೆ ಹುಡುಕಲು ಹೊರಟೆವು. ಇದನ್ನೆಲ್ಲ ನಾನು ಗೌಡರಿಗೆ ಹೇಳಿದಾಗ ಅವರು "ಊಂ" ಎಂದರು, ಅಷ್ಟೆ.

ಮೊದಲು ಹೋದದ್ದು ಊರಾಚೆಯ ಹೊಸ ಬಡಾವಣೆಗೆ. ಮನೆ ಹೊರಗಿನಿಂದಲೇ ಕಲ್ಯಾಣಮಂಟಪದಂತಿತ್ತು. ಗಾಜಿನಾಚೆ ದೊಡ್ಡ ಹಾಲ್, ಅದರ ಮೇಲೆ ತೂಗುವ ದೀಪದ ಗೊಂಚಲು. ಆದರೆ ಶಾಸ್ತ್ರದಂತೆ ನಾವು ಪಕ್ಕದ ಮನೆಯಲ್ಲಿ ಕೂತೆವು. ಆ ಮನೆಯಾಕೆ ಒಳ್ಳೆಯವರು, ಚುರುಕು ಸ್ವಲ್ಪ ಹೆಚ್ಚು.

"ನಮ್... ನಮ್..." ಎಂದಳು ಸರಸು.

"ನಿಮ್ಮೂರಾ? ನಿಮ್ಮ ಮಗಳಾ? ನಿಮ್ಮನೆಯವರಾ? ಹಾಂ, ಮನೆಯವರು! ಟೀಚರ್ ಅಲ್ವಾ?"

ಸರಸು ಬಾಯಿ ಮುಚ್ಚಿ ಬಳೆ ನೋಡಿಕೊಳ್ಳತೊಡಗಿದಳು. ಗೌಡರು ಎದ್ದರು. "ಏಳಿ ಸಾ, ಓಗಣ."

"ಮನೆ ನೋಡಲೇ ಇಲ್ಲವಲ್ಲ ಗೌಡ್ರೆ?" ಎಂದೆ, ರಸ್ತೆಗೆ ಬಂದ ಮೇಲೆ.

"ನೋಡಿದ್ದಾಯ್ತಲ್ಲ ಸಾ. ಆಯಮ್ಮ ಪ್ರೀತಿಯಿಂದ್ಲೇ ಅಮ್ಮಾವ್ರ ಬಾಯಿಗೆ ಮಾತು ತುರುಕ್ತಾವ್ಳೆ. ದಿನಾ ಇಂಗೆ ತುರುಕಿದ್ರೆ ಇವ್ರು ಬಾಯೇ ತೆಗಿಯಾಕಿಲ್ಲ."

ಸರಸು ಗೌಡರನ್ನೇ ನೋಡುತ್ತ ನಿಂತಳು.

ಮತ್ತೆಷ್ಟೋ ಮನೆ ಸುತ್ತಿ, ಎಷ್ಟೋ ಕಾಫಿ ಕುಡಿದ ಮೇಲೆ, ಹಳೆಯ ಬಡಾವಣೆಯೊಂದಕ್ಕೆ ಬಂದೆವು. ಪಕ್ಕದ ಮನೆಯ ಪುಟ್ಟಮ್ಮನವರು ನಡುಮನೆಯಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಸುಲಿಯುತ್ತಿದ್ದರು. ಏಳಲಿಲ್ಲ, ಉಪಚಾರ ಮಾಡಲಿಲ್ಲ. "ಬನ್ನಿ, ಕೂತ್ಕಳಿ" ಎಂದು ಮೊರವನ್ನು ನಮ್ಮ ಕಡೆ ಸರಿಸಿದರು. ಎಲ್ಲರೂ ಸುಲಿಯತೊಡಗಿದೆವು. ಎಂದೂ ಸುಮ್ಮನಿರದ ಗೌಡರೂ ಬಾಯಿ ಹೊಲಿದುಕೊಂಡು ಸುಲಿದರು.

ಸರಸು ಒಂದು ಕಾಯಿಯನ್ನು ಮೂಗಿನ ಹತ್ತಿರ ಹಿಡಿದಳು. "ಸೊ..." ಎಂದಳು.

ನಾನು ಕನ್ನಡ ಪಂಡಿತ. ಬಿಟ್ಟ ಸ್ಥಳ ತುಂಬುವುದು ನನಗೆ ವೃತ್ತಿಧರ್ಮ. ಬಾಯಿ ತೆರೆಯುವಷ್ಟರಲ್ಲಿ ಗೌಡರು ಒಂದು ಹಿಡಿ ಕಾಯನ್ನು ನನ್ನ ಅಂಗೈಗೆ ತುಂಬಿ, "ಸುಲೀರಿ ಸಾ" ಎಂದರು.

"ಸೊಗ..." ಒಳಗೆ ಕುಕ್ಕರ್ ಕೂಗಿತು. ಪುಟ್ಟಮ್ಮ ತಲೆ ಎತ್ತಲಿಲ್ಲ. ಅವರ ಬೆರಳು ತಮ್ಮ ಪಾಡಿಗೆ ಸಿಪ್ಪೆ ಬಿಡಿಸುತ್ತಿದ್ದವು.

"ಸೊಗಡು... ಚೆನ್ನಾಗಿದೆ."

"ದಂಡಿಗನಹಳ್ಳಿ ಕಾಯಿ ಕಣವ್ವಾ" ಎಂದರು ಪುಟ್ಟಮ್ಮ, ನಡುವೆ ಹೊತ್ತೇ ಕಳೆದಿಲ್ಲವೆಂಬಂತೆ. "ನಮ್ಮಣ್ಣ ತಂದಾಕ್ಬುಟ್ಟು ಓದ. ನಿಮ್ಮ ಕಡೆ ಇದ್ಕೆ ಏನೇನು ಹಾಕ್ತೀರ, ಯೋಳಿ."

ಅದಕ್ಕೆ ಸರಸು ಹೇಳಿದ ಉತ್ತರ, ಕೊತ್ತಂಬರಿ ತೆಂಗಿನಕಾಯಿಗಳೆಲ್ಲ ಸೇರಿ, ಅರ್ಧ ರಾಶಿ ಸುಲಿಯುವವರೆಗೆ ನಡೆಯಿತು. ಗೌಡರು ಬೀಗದ ಕೈ ತೆಗೆದು ನನ್ನ ಕೈಗಿಟ್ಟರು. "ಈಗ ಬೇಕಾದ್ರೆ ನೋಡ್ಕಬನ್ನಿ ಸಾ. ಬೇಜಾರು ಮಾಡ್ಕಬ್ಯಾಡಿ, ಮನೆ ಚೆನ್ನಾಗಿಲ್ಲ."

ಅವರು ಸುಳ್ಳು ಹೇಳುವವರಲ್ಲ. ಬಚ್ಚಲ ಬಾಗಿಲು ಹಾಲಿಗೆ ಎದುರು, ಮಹಡಿ ಮೆಟ್ಟಿಲು ಹೊರಡುವುದು ಅಡುಗೆಮನೆಯಿಂದ. ಕಟ್ಟಿದವನು ನಕ್ಷೆಯನ್ನು ತಲೆಕೆಳಗಾಗಿ ಹಿಡಿದಿದ್ದನೆಂದು ನನ್ನ ದೃಢವಾದ ಅನುಮಾನ. ಆ ಮನೆಯನ್ನೇ ಕೊಂಡೆವು. ಬೆಂಚೂ ಬಿತ್ತು. ವರ್ಷ ತುಂಬುವುದರೊಳಗೆ ಸರಸು ಮತ್ತು ಪುಟ್ಟಮ್ಮ ಕಾಂಪೌಂಡ್ ಗೋಡೆಯ ಮೇಲಿಂದ ಮೊದಲ ಜಗಳ ಆಡಿದರು. ಸರಸುವಿನ ಸರದಿ ಬಂದಾಗ ಪುಟ್ಟಮ್ಮ ಸೊಂಟಕ್ಕೆ ಕೈಕೊಟ್ಟು ಕಾದು ನಿಂತು, ಪೂರ್ತಿ ಬೈಸಿಕೊಂಡು, ಆಮೇಲೆ ತಿರುಗಿ ಬೈದರು. ಬೆಂಚಿನ ಮೇಲಿದ್ದ ಗೌಡರು ನನ್ನತ್ತ ನೋಡಿ, "ಎಂಗೆ ಸಾ?" ಎಂದು ಹುಬ್ಬು ಹಾರಿಸಿದರು.

ಗೌಡರು ತೀರಿಕೊಂಡು ವರ್ಷವಾಗುತ್ತ ಬಂತು. ಕೊನೆಗೆ ಶ್ವಾಸಕೋಶ ಕೈಕೊಟ್ಟು ಕಟ್ಟಾಯದ ಮನೆಯಲ್ಲೇ ಇದ್ದರು. ನಾವು ಹೋದಾಗ ದಿಂಬಿಗೊರಗಿ ಕೂತಿದ್ದರು. ಒಂದೊಂದು ಮಾತಿಗೂ ಒಂದೊಂದು ಉಸಿರು ಹುಡುಕಬೇಕಾಗಿತ್ತು.

"ಅಮ್ಮಾ... ಒಳಗ..."

"ಒಳಗೆ ನೋವೇ ಗೌಡ್ರೆ?" ಎಂದೆ.

ಸರಸು ನನ್ನ ಮಂಡಿಯನ್ನು ಗಟ್ಟಿಯಾಗಿ ಒತ್ತಿದಳು. ನೀರಿನ ಲೋಟ ಹಿಡಿದು ಏನೋ ಹೇಳಹೊರಟ ಗೌಡರ ಸೊಸೆಯನ್ನು ಕಣ್ಣಲ್ಲೇ ತಡೆದಳು. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಹಿತ್ತಲಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಗೌಡರು ಅವಳ ಮುಖ ನೋಡಿದರು, ಹಣೆಯ ಗಂಟು ಸಡಿಲಿಸಿದರು, ನಿಧಾನಕ್ಕೆ ಉಸಿರೆಳೆದುಕೊಂಡರು.

"ಒಳಗ್... ಯೋಳಿ... ಕಾಫಿ... ಮಾಡ್ಲಿ."

"ನಂಗೆ... ಸಕ್ಕರೆ... ಕಮ್ಮಿ" ಎಂದಳು ಸರಸು. ಅಷ್ಟನ್ನು ಅವಳು ಹೇಳುವವರೆಗೆ ಅವರು ಕಾದರು.

ಕಾಫಿ ಬರುವತನಕ ಅವರಿಬ್ಬರೂ ಮಾತಾಡಿದರು. ನಾನು ಸುಮ್ಮನಿದ್ದೆ.