ಕರಡಿಯ ವರದಿಯಲ್ಲಿ ನಾನು ಬಿಟ್ಟ ಸಾಲು

ಕೆಲವು ವಿವರಗಳು ನನಗೆ ತಪ್ಪಾಗಿ ನೆನಪಿರಬಹುದು. ವರ್ಷ ೨೦೧೩ ಇರಬೇಕು, ೨೦೧೪ ಆಗಿದ್ದರೂ ಇರಬಹುದು; ನನ್ನ ಡೈರಿಯಲ್ಲಿ ವಾರ, ತಿಂಗಳು ಇದೆ, ವರ್ಷವಿಲ್ಲ. ನಾಯಿಯ ಎದೆಯ ಮೇಲಿನ ಬಿಳಿ ಮಚ್ಚೆ ದೊಡ್ಡದಿತ್ತೋ ಸಣ್ಣದಿತ್ತೋ ಹೇಳಲಾರೆ. ಆದರೆ ತಪ್ಪು ನನ್ನದು ಎಂಬುದನ್ನು ನಾನು ನೆನಪಿನಿಂದ ಹೇಳುತ್ತಿಲ್ಲ — ಅದು ನನ್ನದೇ ಕೈಬರಹದಲ್ಲಿ ಇದೆ. ನನ್ನ ಸೋದರಮಾವ ಶೇಖರ ಹೇಳಿದ ಒಂದು ಮಾತನ್ನು ನಾನು ಕನ್ನಡದಲ್ಲಿ ಬರೆದುಕೊಂಡೆ, ಇಂಗ್ಲಿಷಿಗೆ ತರುವಾಗ ಬೇಕೆಂದೇ ಬಿಟ್ಟೆ. ಆ ಮಾತು ಮುಟ್ಟಬೇಕಾದಲ್ಲಿಗೆ ಮುಟ್ಟದೆ ಒಂದು ನಾಯಿ ಸತ್ತಿತು. ಮಾವನ ಕೆಲಸ ಹೋಯಿತು. ಹೇಳಬೇಕಾದ್ದನ್ನು ಅವರೇ ಹೇಳಲು ಮರೆತರು ಎಂದು ಎಲ್ಲರೂ ನಂಬಿದರು. ನಂಬಲಿ ಎಂದು ನಾನು ಬಿಟ್ಟೆ.

ಮಾವ ಕುಂದಾಪುರದ ಕಡೆಯವರು, ನನ್ನ ಅಮ್ಮನ ಕೊನೆಯ ತಮ್ಮ. ದುಬೈಯಿಂದ ಅಲ್ ಐನ್‌ಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಒಂದು ಖಾಸಗಿ ಮಜ್ರಾದಲ್ಲಿ — ಖರ್ಜೂರದ ಮರ, ಒಂಟೆ, ಆಡು ಎಲ್ಲ ಇರುವ ತೋಟ — ಅವರು ಒಂಬತ್ತು ವರ್ಷ ನಾಯಿಗಳನ್ನು ನೋಡಿಕೊಂಡಿದ್ದರು. ಮಾಲೀಕರನ್ನು ಅಲ್ಲಿ ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ಅರ್ಬಾಬ್‌ಗೆ ಓಟದ ನಾಯಿಗಳೆಂದರೆ ಜೀವ. ಬೇಟೆಗೆ ಅನುಮತಿ ಇಲ್ಲ, ಹಾಗಾಗಿ ಬೆಳಿಗ್ಗೆ ಜೀಪಿನ ಹಿಂದೆ ಹಗ್ಗದಲ್ಲಿ ಚರ್ಮದ ತುಂಡೊಂದನ್ನು ಎಳೆಸಿ, ಅದರ ಬೆನ್ನಿಗೆ ನಾಯಿಗಳನ್ನು ಬಿಟ್ಟು ನೋಡುವುದು. ಇದನ್ನೆಲ್ಲ ನಡೆಸಲು ಕಾಲಿನ್ ಎಂಬ ಸ್ಕಾಟ್‌ಲೆಂಡಿನವನು ಮ್ಯಾನೇಜರ್ ಆಗಿದ್ದ. ಅವನಿಗೆ ಇಂಗ್ಲಿಷ್ ಬಿಟ್ಟರೆ ಹತ್ತಾರು ಅರಬಿ ಶಬ್ದ. ಮಾವನಿಗೆ ಕನ್ನಡ, ಹಿಂದಿ, ಒಂದಿಷ್ಟು ಅರಬಿ. ಅವರಿಬ್ಬರ ನಡುವೆ ಕೈಸನ್ನೆ, ಹೊರಡು ಎನ್ನಲು ಯಲ್ಲಾ, ಮುಗಿಯಿತು ಎನ್ನಲು ಖಲಾಸ್ — ಅಷ್ಟೇ ಭಾಷೆ.

ಕಾಲಿನ್‌ಗೆ ಪ್ರತಿ ವಾರ ಬರಹದಲ್ಲಿ ವರದಿ ಬೇಕಿತ್ತು. ಮಾವನಿಗೆ ಇಂಗ್ಲಿಷ್ ಬರೆಯಲು ಬಾರದು. ಎಂ.ಎ. ಮಾಡಿ, ಗಂಡನ ವೀಸಾದ ಮೇಲೆ ಬಂದು, ಅಲ್ ಕುಸೈಸ್‌ನ ಫ್ಲ್ಯಾಟಿನಲ್ಲಿ ಎರಡು ವರ್ಷದಿಂದ ಕೆಲಸವಿಲ್ಲದೆ ಕೂತಿದ್ದ ಸೊಸೆ ನಾನಿದ್ದೆ. ಹಾಗಾಗಿ ಗುರುವಾರ ಸಂಜೆ ನಾಯಿಗಳಿಗೆ ಊಟ ಹಾಕಿದ ಮೇಲೆ ಮಾವ ಫೋನ್ ಮಾಡುವರು. ಯಾವುದು ಎಷ್ಟು ತಿಂದಿತು, ಯಾವುದರ ಪಾದ ಸೀಳಿತು, ಯಾವುದು ಹೇಗೆ ಓಡಿತು ಎಂದು ಹೇಳುವರು. ನಾನು ಡೈರಿಯಲ್ಲಿ ಕನ್ನಡದಲ್ಲೇ ಗೀಚಿಕೊಂಡು, ಮರುದಿನ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಾಲಿನ್‌ಗೆ ಮೇಲ್ ಕಳಿಸುತ್ತಿದ್ದೆ. ಕೊನೆಗೊಮ್ಮೆ ಮಾವ, ಊರಿನ ಕಡೆ ಹುಡುಗಿಯರನ್ನು ಕರೆಯುವಂತೆ ಹೆಣೆ ಎಂದು ಕರೆದು, ಕೇಳಿಯೇ ಕೇಳುವರು: "ನಾ ಹೇಳಿದ್ದ್ ಪೂರಾ ಬರ್ದೆ ಅಲ್ದಾ ಹೆಣೆ?" ನಾನು ಹೂಂ ಎನ್ನುತ್ತಿದ್ದೆ.

ಕಾಲಿನ್ ತನ್ನ ಊರಿನಿಂದ ತರಿಸಿದ ಒಂದು ಗಂಡು ನಾಯಿ ಇತ್ತು — ಅರ್ಧ ಡೀರ್‌ಹೌಂಡ್, ಅರ್ಧ ಗ್ರೇಹೌಂಡ್. ಅವನ ಊರಿನಲ್ಲಿ ಇಂಥ ಬೆರಕೆ ಓಟದ ನಾಯಿಗಳಿಗೆ ಲರ್ಚರ್ ಎನ್ನುತ್ತಾರಂತೆ. ಅದು ತಳಿಯ ಹೆಸರಲ್ಲ, ಕೆಲಸಕ್ಕಾಗಿ ಬೇಕಾದ ರಕ್ತಗಳನ್ನು ಕೂಡಿಸಿ ಮಾಡಿದ ನಾಯಿ. ಅದನ್ನು ಅರ್ಬಾಬ್‌ನ ಸಲುಕಿ ಎಂಬ ಅರಬಿ ಬೇಟೆತಳಿಯ ಹೆಣ್ಣು ನಾಯಿಗೆ ಕೂಡಿಸಿದಾಗ ನಾಲ್ಕು ಮರಿ ಆದವು. ಮೂರು ತಾಯಿಯ ಹಾಗೆ ನುಣುಪು ಮೈಯವು. ನಾಲ್ಕನೆಯದು, ಹೆಣ್ಣು, ಅಪ್ಪನನ್ನೇ ಹೋಲುತ್ತಿತ್ತು — ಬೂದು ಬಣ್ಣ, ಒರಟು ಕೂದಲು, ಹುಬ್ಬು, ಗಡ್ಡ ಎಲ್ಲ. ಅರ್ಬಾಬ್ ಅದಕ್ಕೆ ಅರಬಿಯಲ್ಲಿ ಗಾಳಿ ಎಂಬರ್ಥದ ಹೆಸರಿಟ್ಟರು. ಮಾವ ಕರಡಿ ಎಂದು ಕರೆದರು. ನಾಯಿ ಆ ಹೆಸರಿಗೇ ತಿರುಗಿ ನೋಡುತ್ತಿತ್ತು.

ಡೀರ್‌ಹೌಂಡ್ ರಕ್ತದ ಮೇಲೆ ಕಾಲಿನ್‌ಗೆ ಇದ್ದದ್ದು ಭಕ್ತಿ ಎಂದೇ ಹೇಳಬೇಕು. ಅವನ ಮೇಲ್‌ಗಳಲ್ಲಿ ಅದೇ ಮಾತು. ನಾನೂ ಓದತೊಡಗಿದೆ. ಓದಲು ನನಗೆ ಬೇರೇನೂ ವಿಷಯ ಇಲ್ಲದ ಕಾಲ ಅದು. ಜಿಂಕೆಯನ್ನು ಗುಡ್ಡದ ಮೇಲೆ ಅಟ್ಟಿ ಹಿಡಿಯಲು ಸಾಕಿದ ನಾಯಿ. ಮೂಳೆ ದೊಡ್ಡದು, ಎದೆ ಆಳ, ಓಡುವಾಗ ಕಣ್ಣಿನ ಜೊತೆ ಮೂಗನ್ನೂ ಬಳಸುತ್ತದೆ. ಮನೆಯಲ್ಲಿ ಸದ್ದಿಲ್ಲ, ಜನರ ಮೇಲೆ ಸಿಟ್ಟಿಲ್ಲ. ಬೆಳೆಯುವುದು ನಿಧಾನ, ಎರಡು ವರ್ಷ ಕಾಯಬೇಕು. ಕಾದರೆ ಮಾತ್ರ ಅರ್ಧದಲ್ಲಿ ಬಿಟ್ಟುಕೊಡದ ನಾಯಿ ಸಿಗುತ್ತದೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಮಾವ ಕೂಡ ಒಪ್ಪುತ್ತಿದ್ದರು. ಉಳಿದ ಮೂರು ನಾಯಿಗಳು, ಚರ್ಮದ ತುಂಡು ಮರಳದಿಬ್ಬದ ಹಿಂದೆ ಮರೆಯಾದರೆ ನಿಂತುಬಿಡುತ್ತಿದ್ದವು. ಕರಡಿ ಮಾತ್ರ ಮೂಸಿಕೊಂಡು ಹೋಗಿ ಹುಡುಕಿ ತರುತ್ತಿತ್ತು. "ಹಟ ಅಂದ್ರೆ ಹಟ, ನಿನ್ ಅಮ್ಮನ್ ಹಂಗೇ," ಎಂದು ಮಾವ ಒಮ್ಮೆ ನಕ್ಕಿದ್ದರು.

ನಾನು ಮಾವನ ಮಾತುಗಳ ಮೇಲೆ ನನ್ನ ಓದನ್ನು ಸೇರಿಸತೊಡಗಿದೆ. ಕಾಲಿನ್ ಉತ್ತರ ಬರೆದ — ಇಂಥ ವರದಿ ತನಗೆ ಯಾರೂ ಬರೆದುಕೊಟ್ಟಿರಲಿಲ್ಲ, ಅರ್ಬಾಬ್‌ಗೂ ತೋರಿಸುತ್ತೇನೆ ಎಂದು. ಆ ಮೇಲನ್ನು ಎಷ್ಟು ಸಲ ಓದಿದೆನೋ. ನನ್ನ ಗಂಡನಿಗೆ ತೋರಿಸಿದೆ, ಅವರು ಒಳ್ಳೆಯದಾಯಿತು ಎಂದರು. ಎರಡು ವರ್ಷದಲ್ಲಿ ನನ್ನ ಬರಹವನ್ನು ಯಾರಾದರೂ ಕಾದಿದ್ದು ಅದೇ ಮೊದಲು — ಇದನ್ನು ನೆಪವಾಗಿ ಹೇಳುತ್ತಿಲ್ಲ. ಹೇಗಾಯಿತು ಎಂದು ಹೇಳಬೇಕಲ್ಲ.

ಮಾರ್ಚಿನ ಒಂದು ಗುರುವಾರ. ಅವತ್ತಿನ ಡೈರಿಯ ಪುಟ ಈಗ ನನ್ನ ಮುಂದೆ ಇದೆ. ಮಾವ ಹೇಳಿದ್ದನ್ನು ನಾನು ಹೀಗೆ ಬರೆದುಕೊಂಡಿದ್ದೇನೆ: "ಕರಡಿ ಓಡಿದ ಮೇಲೆ ಬೇಗ ತಣಿಯುವುದಿಲ್ಲ. ಬಾಕಿಯವು ಎದ್ದು ಮೈ ಕೊಡವಿದರೂ ಇದು ಹೊಟ್ಟೆಯನ್ನು ಮರಳಿಗೆ ಒತ್ತಿ ಮಲಗಿರುತ್ತದೆ. ವಸಡು ಕಡುಕೆಂಪು. ಇನ್ನು ಮುಂದೆ ಬಿಸಿಲು ಏರಿದ ಮೇಲೆ ಇದನ್ನು ಓಡಿಸಬಾರದು. ಏಳು ಗಂಟೆಯ ನಂತರ ಬೇಡವೇ ಬೇಡ." ಅದರ ಕೆಳಗೆ ಮಾವನ ಮಾತೊಂದು, ಅವರು ಹೇಳಿದ ಹಾಗೇ: "ಅದ್ ಚಳಿಗ್ ಹುಟ್ಟಿದ್ ರಕ್ತ. ಕಂಬ್ಳಿ ಹೊದ್ಸಿ ಓಡ್ಸುದೊಂದೇ, ಇದನ್ ಬಿಸ್ಲಿಗ್ ಬಿಡುದೊಂದೇ."

ಆ ವಾರ ನಾನು ಡೀರ್‌ಹೌಂಡ್ ರಕ್ತದ ಗುಣಗಳ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ಗ್ರೇಹೌಂಡಿನ ರಕ್ತ ಮೊದಲ ಒಂದು ನಿಮಿಷಕ್ಕೆ, ಡೀರ್‌ಹೌಂಡಿನ ರಕ್ತ ಆ ನಿಮಿಷ ಮುಗಿದ ನಂತರದ ಓಟಕ್ಕೆ — ಹೀಗೆ ಶುರುವಾಗಿ, ಕರಡಿಯ ಉದಾಹರಣೆಯೊಂದಿಗೆ ಮುಗಿಯುತ್ತಿತ್ತು. ಚೆನ್ನಾಗಿತ್ತು. ಮಾವನ ಮಾತನ್ನು ಸೇರಿಸಿದರೆ ಅದು ಕೆಡುತ್ತಿತ್ತು. ಕಾಲಿನ್‌ಗೂ ಹಿಡಿಸುತ್ತಿರಲಿಲ್ಲ. ಒಂದು ನಾಯಿ, ಎರಡು ಮೂರು ಬೆಳಗು — ಇಷ್ಟರಿಂದ ಏನು ತೀರ್ಮಾನ ಮಾಡಲಾಗುತ್ತದೆ ಎಂದು ಎಂ.ಎ. ಓದಿದ ತಲೆ ಹೇಳಿರಬೇಕು. ಮುಂದಿನ ವಾರ ಸೇರಿಸಿದರಾಯಿತು ಎಂದೂ... ಅಂದುಕೊಂಡೆನೋ, ಅಂದುಕೊಂಡೆ ಎಂದು ಈಗ ಅಂದುಕೊಳ್ಳುತ್ತಿದ್ದೇನೋ. ಮುಂದಿನ ವಾರವೂ ಸೇರಿಸಲಿಲ್ಲ. ಮಾವ ಮತ್ತೆ ಹೇಳಲಿಲ್ಲ. ಬರೆದು ಕೊಟ್ಟಾಯಿತಲ್ಲ ಎಂಬ ನೆಮ್ಮದಿ ಅವರಿಗೆ.

ಏಪ್ರಿಲ್‌ನಲ್ಲಿ ಮಾವ ವೀಸಾ ನವೀಕರಣದ ಮೆಡಿಕಲ್‌ಗೆಂದು ಪೇಟೆಗೆ ಹೋಗಿದ್ದ ಬೆಳಿಗ್ಗೆ ಅರ್ಬಾಬ್‌ಗೆ ನೆಂಟರು ಬಂದರು. ತಿಂಡಿ, ಕಾಫಿ ಆಗಿ ನಾಯಿಗಳನ್ನು ಬಿಡುವಾಗ ಒಂಬತ್ತು ದಾಟಿತ್ತು. ನೆಂಟರಿಗೆ ಗಡ್ಡದ ನಾಯಿಯನ್ನೇ ನೋಡಬೇಕಿತ್ತು. ಕಾಲಿನ್ ಕರಡಿಯನ್ನು ಎರಡು ಸಲ ಓಡಿಸಿದ. ಎರಡನೆಯ ಸಲ ಉಳಿದವು ನಿಂತವು, ಅದು ನಿಲ್ಲಲಿಲ್ಲ. ನನ್ನ ಪ್ಯಾರಾದಲ್ಲಿ ಇದ್ದಂತೆಯೇ ಓಡಿತು. ಆಮೇಲೆ ಬಿದ್ದದ್ದು ಏಳಲಿಲ್ಲ. ನೀರು ಸುರಿದರು, ನೆರಳಿಗೆ ಎಳೆದರು. ಮಧ್ಯಾಹ್ನ ಮಾವ ಮರಳುವ ಮೊದಲೇ ಸತ್ತುಹೋಗಿತ್ತು.

ಮರುದಿನ ಶುಕ್ರವಾರ. ದುಭಾಷಿ ಬೇಕೆಂದು ಕಾಲಿನ್ ನನ್ನನ್ನು ಕರೆಸಿದ. ಗಂಡ ಕಾರಿನಲ್ಲಿ ಬಿಟ್ಟು ಗೇಟಿನ ಹತ್ತಿರವೇ ನಿಂತರು. ನಾಯಿಮನೆಯ ಜಗಲಿಯಲ್ಲಿ ಕಾಲಿನ್ ಕೂತಿದ್ದ, ಕಣ್ಣು ಊದಿತ್ತು. ಕೆಟ್ಟ ಮನುಷ್ಯನಲ್ಲ ಅವನು. ಕೈಯಲ್ಲಿ ನನ್ನ ವರದಿಗಳ ಪ್ರಿಂಟು. ಇದರಲ್ಲಿ ಬಿಸಿಲಿನ ಬಗ್ಗೆ ಒಂದು ಶಬ್ದವಿಲ್ಲ, ದಿನವೂ ನಾಯಿಯ ಜೊತೆ ಇದ್ದವನಿಗೆ ಇದು ಗೊತ್ತಿರಲಿಲ್ಲವೇ, ಗೊತ್ತಿದ್ದರೆ ಏಕೆ ಹೇಳಲಿಲ್ಲ ಎಂದು ಕೇಳು ಎಂದ. ನಾನು ಕೇಳಿದೆ. ಮಾವ ಆ ಹಾಳೆಗಳನ್ನು ನೋಡಿದರು — ಓದಲು ಬಾರದ ಹಾಳೆಗಳು. ಆಮೇಲೆ ನನ್ನನ್ನು ನೋಡಿದರು.

"ನಾ ನಿಂಗೆ ಹೇಳಿದ್ನಲ್ದಾ ಹೆಣೆ?"

"ನೆನಪಿಲ್ಲ ಮಾವ," ಎಂದೆ. "ಅವತ್ತು ಫೋನ್ ಮಧ್ಯದಲ್ಲೇ ಕಟ್ ಆಗಿತ್ತಲ್ವಾ."

ಇದೇ ನಾನು ಆಡಿದ ಮಾತು. ಕನ್ನಡದಲ್ಲಿ ಆಡಿದೆ, ಕಾಲಿನ್‌ಗೆ ಅರ್ಥವಾಗಲಿಲ್ಲ. ಕರಡಿಯ ಕೊರಳಪಟ್ಟಿ ಮಾವನ ಕೈಯಲ್ಲಿತ್ತು, ಅದರ ಬಕಲನ್ನು ಹಾಕಿ ಬಿಚ್ಚಿ ಮಾಡುತ್ತಿದ್ದರು. ಆಮೇಲೆ ಹೇಳಿದರು: "ಹಂಗಾರೆ ನಾ ಹೇಳುಕೆ ಮರ್ತೆ ಅಂದೇಳ್."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟು ದಿನದಲ್ಲಿ ಮಾವನ ಮಾತನ್ನು ಏನೂ ಸೇರಿಸದೆ, ಏನೂ ಬಿಡದೆ ಇಂಗ್ಲಿಷಿಗೆ ತಂದದ್ದು ಅದೊಂದೇ ಸಲ.

ತಿಂಗಳೊಳಗೆ ವೀಸಾ ಕ್ಯಾನ್ಸಲ್ ಆಗಿ ಮಾವ ಊರಿಗೆ ಹೋದರು. ಬೇರೆ ಮಜ್ರಾಗಳಲ್ಲಿ ಕೇಳಿ ನೋಡಿದ್ದರಂತೆ. ಮಾತು ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಈಗ ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸ. ಎರಡು ವರ್ಷದ ನಂತರ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥದಲ್ಲಿ, ಊಟದ ಸಾಲಿನಲ್ಲಿ, ನೆಂಟರೊಬ್ಬರು ದೊಡ್ಡ ದನಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು: "ಶೇಖರನ ಕೈಗ್ ಕೋಳಿ ಸೈತ ಕೊಡ್ಬೇಡಿ ಮಾರಾಯ್ರೆ, ಬಿಸ್ಲಿಗ್ ಇಟ್ಟ್ ಮರ್ತ್ ಹೋತ." ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಮಾವ ಸಾಂಬಾರಿನ ಬಕೆಟ್ ಹಿಡಿದು ಬಡಿಸುತ್ತ ಮುಂದೆ ಹೋದರು. ನನ್ನ ಎಲೆಯ ಮುಂದೆ ನಿಂತು, ಸ್ವಲ್ಪ ಹಾಕಲಾ ಎಂದು ಕೇಳಿದರು. ನಾನು ಹೂಂ ಎಂದೆ.

ಅಷ್ಟು ಹೊತ್ತಿಗೆ ಫೋನ್ ಕಟ್ ಆಗಿದ್ದು ನನಗೆ ನಿಜವೇ ಆಗಿತ್ತು. ಆ ಸಂಜೆ ನೆನಪಾದರೆ ಹಲೋ, ಹಲೋ ಎಂದು ನಾನು ಕೂಗಿದ್ದೂ ನೆನಪಾಗುತ್ತಿತ್ತು. ಮಾವನ ದನಿ ಒಡೆದು ನಿಂತುಹೋದದ್ದೂ. ಡೈರಿ ಬರೆಯುವವಳು ನಾನು, ನೆನಪನ್ನು ನಂಬಬಾರದೆಂದೇ ಬರೆಯುವವಳು. ಆದರೂ ಆ ವರ್ಷದ ಡೈರಿಯನ್ನು ತೆಗೆದು ನೋಡಲಿಲ್ಲ — ನೋಡದೆ ಇರುವುದಕ್ಕೆ ಯಾವಾಗಲೂ ಒಂದು ಕೆಲಸ ಸಿಗುತ್ತಿತ್ತು. ೨೦೧೮ರಲ್ಲಿ ಅಲ್ ಕುಸೈಸ್‌ನಲ್ಲೇ ಬೇರೆ ಕಟ್ಟಡಕ್ಕೆ ಮನೆ ಬದಲಿಸುವಾಗ ಅದು ಪೆಟ್ಟಿಗೆಯಿಂದ ಹೊರಬಂತು. ವಾಕ್ಯ ಪೂರ್ತಿ ಇದೆ. ಅದರ ನಂತರ ಇನ್ನೂ ಆರು ಸಾಲಿದೆ: ಆಡಿನ ಮೂಳೆ ಮುಗಿದದ್ದು, ಮಾವನ ಮೊಣಕಾಲು ನೋವು, ಅಮ್ಮನಿಗೆ ಹೇಳಬೇಡ ಎಂದದ್ದು. ಫೋನ್ ಕಟ್ ಆಗಿರಲಿಲ್ಲ. ಬಿಸಿಲಿನ ಸಾಲಿನ ಪಕ್ಕದಲ್ಲಿ ಪೆನ್ಸಿಲಿನ ಒಂದು ಸಣ್ಣ ಅಡ್ಡಗೆರೆ ಇದೆ. ಬೇಡ ಎನ್ನುವುದಕ್ಕೆ ನಾನು ಈಗಲೂ ಹಾಕುವ ಗುರುತು ಅದು.

ಅಮ್ಮನಿಗೆ ಹೇಳಿದ್ದೇನೆ. ಆ ದಿನ ನಕ್ಕ ನೆಂಟರಿಗೂ ಫೋನ್ ಮಾಡಿ ಹೇಳಿದೆ. ಹಳೆಯ ವಿಷಯ ಬಿಡು ಎಂದರು. ಕಾಲಿನ್‌ನ ವಿಳಾಸಕ್ಕೆ ಮೇಲ್ ಕಳಿಸಿದೆ, ವಿಳಾಸ ಈಗ ಚಾಲ್ತಿಯಲ್ಲಿಲ್ಲ ಎಂದು ವಾಪಸು ಬಂತು. ಇದರಿಂದ ಮಾವನ ಕೆಲಸ ಮರಳಿ ಬರುವುದಿಲ್ಲ, ಅವರಿಗೆ ಈಗ ಐವತ್ತೆಂಟು. ಮಾವನಿಗೂ ಹೇಳಿದೆ — ಫೋನಿನಲ್ಲಿ, ಒಂದು ಗುರುವಾರ, ಡೈರಿಯ ಆ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿ. ಅವರು ಕೇಳಿಸಿಕೊಂಡರು. ಹಿಂದೆ ಐಸ್ ಪುಡಿ ಮಾಡುವ ಯಂತ್ರದ ಸದ್ದು ಕೇಳುತ್ತಲೇ ಇತ್ತು. ಓದಿ ಮುಗಿಸಿ ನಾನು ಒಂದು ಪ್ರಶ್ನೆ ಕೇಳಿದೆ. ಯಂತ್ರ ತಿರುಗುತ್ತಿತ್ತು. ಲಾರಿ ಬಂತು, ಫೋನ್ ಇಡುತ್ತೇನೆ ಎಂದರು. ಆಮೇಲೂ ಎಷ್ಟೋ ಸಲ ಮಾತಾಡಿದ್ದೇವೆ — ಮೀನಿನ ವಿಷಯ, ಅಮ್ಮನ ಸಕ್ಕರೆಯ ವಿಷಯ. ಅದೊಂದಕ್ಕೆ ಅವರು ಇನ್ನೂ ಉತ್ತರ ಕೊಟ್ಟಿಲ್ಲ, ನಾನೂ ಎರಡನೆಯ ಸಲ ಕೇಳಿಲ್ಲ.

ನಾನು ಕೇಳಿದ್ದು ಇಷ್ಟೇ: "ಮಾವ, ಅವತ್ತು ಜಗಲಿಯಲ್ಲಿ ನಾನು ಸುಳ್ಳು ಹೇಳ್ತಿದ್ದೇನೆ ಅಂತ ಗೊತ್ತಾಗಿಯೇ ಮರೆತೆ ಅಂದ್ರಾ — ಇಲ್ಲಾ ನನ್ನ ಮಾತು ನಂಬಿ, ಇಷ್ಟು ವರ್ಷ, ನೀವೇ ಮರೆತದ್ದು ಅಂದ್ಕೊಂಡೇ ಇದ್ರಾ?"